ನೆಲೋಗಿಗೆ ಒಂದೊಂದೇ ಸಾಮಾನು

ನೆಲೋಗಿ, ತಾ. ಜೇವರ್ಗಿ
ರವಿವಾರ, ೧೭ ಡಿಸೆಂಬರ್ ೧೯೮೯

ಕಸ್ತೂರಿಬಾಯಿಗೆ ಶಾಂತಲಿಂಗಪ್ಪನ ಶರಣು.

ಮೊದಲು ‘ಚಿ. ಸೌ.’ ಎಂದು ಬರೆದು ಆ ಹಾಳೆಯನ್ನು ಹರಿದುಹಾಕಿದೆ. ಲಗ್ನವಾದಂದಿನಿಂದ ನಿನಗೆ ಬರೆದ ಕಾಗದಗಳಲ್ಲೆಲ್ಲ ಎತ್ತರದಲ್ಲಿ ಕೂತು ಆಶೀರ್ವಾದ ಮಾಡಿದ್ದೇನೆ. ಈ ಸಲ ಶರಣು ಅನ್ನುವುದೇ ಸರಿ ಅನ್ನಿಸಿತು.

ನೀನು ಮಟಕಿಗೆ, ನಿಮ್ಮಣ್ಣ ಮಲ್ಲಣ್ಣನ ಮನೆಗೆ ಹೋಗಿ ಎರಡು ವರ್ಷ ದಾಟಿತು. ಈ ಎರಡು ವರ್ಷದಲ್ಲಿ ನಾನು ಹಾಕಿದ ಕಾರ್ಡುಗಳಲ್ಲಿ ‘ನಾನು ಕ್ಷೇಮ’ ಎಂಬುದೊಂದು ಬಿಟ್ಟರೆ ಬೇರೇನೂ ಇರಲಿಲ್ಲ. ಅದೂ ನಿಜವಲ್ಲ. ಎಳ್ಳಮಾವಾಸ್ಯೆಗೆ ನೀನು ನೆಲೋಗಿಗೆ ಬರುವವಳಿದ್ದೀಯೆ ಎಂದು ಆಚೆ ಮನೆಯ ಬೀಬಿಜಾನ ಹೇಳಿದಳು. ನೀನು ಬಂದು ನಿನ್ನ ಕಣ್ಣಿಂದ ನೋಡುವ ಮೊದಲು ನನ್ನ ಕೈಯಿಂದ ಬರೆದು ತಿಳಿಸಬೇಕಾದ್ದು ಬಹಳ ಇದೆ.

ಜಗಳವಾದ ದಿನದಿಂದಲೇ ಶುರು ಮಾಡುತ್ತೇನೆ. ನಿನ್ನ ಸಕ್ಕುಬಾಯಿ ದೊಡ್ಡವ್ವ ಸಾಯುವ ಮೊದಲು ನೆಲೋಗಿಯ ಈ ಮನೆಯನ್ನೂ ಸುತ್ತಲಿನ ನಾಲ್ಕೆಕರೆ ಹೊಲವನ್ನೂ ನಿನ್ನ ಹೆಸರಿಗೆ ಬರೆದಳು. ಅಂದಿನಿಂದ ನೀನು ಒಂದೇ ಮಾತು ಹೇಳುತ್ತಿದ್ದೆ: ಗುಲ್ಬರ್ಗದ ಈ ಮೂರನೇ ಅಂತಸ್ತಿನಲ್ಲಿ ನನ್ನ ಕಾಲಿಗೆ ನೆಲವೇ ಹತ್ತುವುದಿಲ್ಲ, ಬಿದ್ದ ಮನೆಯನ್ನು ಎಬ್ಬಿಸೋಣ, ಅಲ್ಲಿಗೆ ಹೋಗೋಣ. ನಾನು ನಗುತ್ತಿದ್ದೆ. ನಳ ತಿರುಗಿಸಿದರೆ ನೀರು, ಗುಂಡಿ ಒತ್ತಿದರೆ ದೀಪ, ಇದನ್ನು ಬಿಟ್ಟು ಹಾವು ಚೇಳಿನ ಜೊತೆ ಯಾರು ಸಂಸಾರ ಮಾಡುತ್ತಾರೆ ಎನ್ನುತ್ತಿದ್ದೆ. ಕೊನೆಗೆ ನಿನ್ನನ್ನು ಕೇಳದೆ, ಅಫಜಲಪುರದ ಮಲ್ಕಪ್ಪನಿಗೆ ಮಾರುವುದಾಗಿ ಮಾತು ಕೊಟ್ಟು ಕಾಗದ ತಂದೆ. ನೀನು ರೊಟ್ಟಿ ಬಡಿಯುತ್ತಿದ್ದೆ, ಕೈಯೆಲ್ಲ ಹಿಟ್ಟು. ಕಾಗದವನ್ನು ಮುಂದೆ ಹಿಡಿದು, ಸಹಿ ಆಗದಿದ್ದರೆ ಹೆಬ್ಬಟ್ಟಾದರೂ ಒತ್ತು ಅಂದೆ. ಏಳನೇ ಇಯತ್ತೆ ಓದಿದ ನಿನಗೆ. ನೀನು ಉಳಿದ ರೊಟ್ಟಿಗಳನ್ನೂ ಬೇಯಿಸಿ ಮುಚ್ಚಿಟ್ಟು, ಮರುದಿನ ಹೊರಟುಹೋದೆ.

ಆಗ ನನಗೆ ಪಶ್ಚಾತ್ತಾಪವಾಯಿತು ಎಂದು ಬರೆದರೆ ನೀನು ನಂಬುವುದಿಲ್ಲ, ನಂಬಲೂಬೇಡ. ಒಂದು ವರ್ಷ ಹಟ ಹಿಡಿದು ಕೂತಿದ್ದೆ. ಕೂತಿದ್ದೆ ಎನ್ನುವುದೂ ತಪ್ಪು. ಕಚೇರಿಯಿಂದ ಬಂದವನೇ ಆ ಎರಡು ಕೋಣೆಗಳ ನಡುವೆ ತಿರುಗುತ್ತಿದ್ದೆ. ಗ್ಯಾಲರಿಗೆ ಹೋಗುವುದು, ಅಲ್ಲಿ ನೀನು ಡಬ್ಬಿಯಲ್ಲಿ ಹಾಕಿದ್ದ ಉಳ್ಳಾಗಡ್ಡಿ ಒಣಗಿದ್ದನ್ನು ನೋಡುವುದು, ಒಳಗೆ ಬರುವುದು, ಮತ್ತೆ ಹೋಗುವುದು. ಕೆಳಗಿನ ಮನೆಯ ದೇವಿಂದ್ರಪ್ಪ ಮಾಸ್ತರರು ಒಂದು ದಿನ ಮೇಲೆ ಬಂದು ಬಾಗಿಲಲ್ಲೇ ನಿಂತು ಕೇಳಿದರು: “ಸಾಹೇಬ್ರ, ತಬ್ಬೇತ ಬರೋಬ್ಬರಿ ಇಲ್ಲೇನ್ರಿ? ದಿನಾ ಸಂಜಿಮುಂದ ಮ್ಯಾಲ ಗಾಣದ ಎತ್ತು ತಿರುಗಿದಂಗ ಸಪ್ಪಳ ಬರ್ತದ.” ಅವರು ತಕರಾರು ಹೇಳಲು ಬಂದವರಲ್ಲ, ನಿಜವಾಗಿಯೂ ಗಾಬರಿಯಾಗಿದ್ದರು. ನನಗೆ ನಾಚಿಕೆಯಾಯಿತು. ಮರುದಿನದಿಂದ ಬರಿಗಾಲಲ್ಲಿ ತಿರುಗಿದೆ.

ಹೋದ ವರ್ಷ ಅಕ್ಟೋಬರಿನಲ್ಲಿ ಮಲ್ಕಪ್ಪ ಮತ್ತೆ ಬಂದ. ಮನೆ ಮಾರುವುದಕ್ಕೆ ನಿನ್ನ ಸಹಿ ಬೇಕು, ಆದರೆ ಒಳಗಿನ ಸಾಗವಾನಿ ತೊಲೆಗಳನ್ನು ಇಳಿಸಿಕೊಂಡು ಹೋಗುವುದಕ್ಕೆ ಯಾರ ಸಹಿಯೂ ಬೇಡ ಎಂದು ಹೇಳಿದವನು ಅವನಲ್ಲ, ನಾನು. ಅವನನ್ನು ಕರೆದುಕೊಂಡು ನೆಲೋಗಿಗೆ ಬಂದೆ. ಅಡುಗೆಮನೆಯ ಮಣ್ಣಿನ ಮಾಳಿಗೆ ಪೂರಾ ಕುಸಿದು, ಆ ಮಣ್ಣಿನ ಗುಡ್ಡೆಯ ಮೇಲೆ ಜಾಲಿ ಬೆಳೆದಿತ್ತು. ಮಲ್ಕಪ್ಪ ಪಡಸಾಲೆಯ ತೊಲೆಯನ್ನು ಸುತ್ತಿಗೆಯಿಂದ ಬಡಿದು ಕಿವಿ ಇಟ್ಟು ಕೇಳಿ, “ಒಳಗ ಗಟ್ಟಿ ಅದರಿ. ನಾಳಿಗೇ ಇಳಸ್ತೀನಿ” ಅಂದ.

ಆ ಸಪ್ಪಳ ಕೇಳಿ ಆಚೆ ಮನೆಯಿಂದ ಬೀಬಿಜಾನ ಬಂದಳು. ಅವಳಿಗೆ ನನ್ನ ಗುರುತು ಹತ್ತಲಿಲ್ಲ. “ಯಾರ ಮನಿ ಕೆಡವಾಕತ್ತೀರಿ ನೀವು?” ಎಂದು ಕೇಳಿದಳು. ನಾನು ಕಸ್ತೂರಿಬಾಯಿಯ ಗಂಡ ಎಂದೆ. ನನ್ನನ್ನು ಕಾಲಿನಿಂದ ತಲೆಯತನಕ ನೋಡಿ, “ಹಂಗಾರ ಕಸ್ತೂರಿ ಸತ್ತಾಳೇನು?” ಅಂದಳು. ಇಲ್ಲ ಎಂದೆ. “ಮತ್ತ?” ಅಂದಳು.

ಮಲ್ಕಪ್ಪನಿಗೆ ಇವತ್ತು ಬೇಡ ಎಂದೆ. ಅವನು ಬೈದುಕೊಂಡು ಹೋದ. ನಾನು ಬಸ್ಸು ತಪ್ಪಿಸಿಕೊಂಡು ಕಟ್ಟೆಯ ಮೇಲೆ ಕೂತೆ. ಬೀಬಿಜಾನ ಒಂದು ಚರಿಗೆ ನೀರು ಇಟ್ಟು ಹೋದಳು. ಮುಂದಿನ ರವಿವಾರ ಒಂದು ಕಸಬಾರಿಗೆ, ಒಂದು ಬಕೀಟು ಹಿಡಿದು ಬಂದೆ. ಯಾಕೆ ಬಂದೆ ಎಂದು ಇವತ್ತಿಗೂ ಸರಿಯಾಗಿ ಹೇಳಲಾರೆ. ತಿರುಗಾಡಲು ಫ್ಲ್ಯಾಟಿನಲ್ಲಿ ಜಾಗ ಸಾಲುತ್ತಿರಲಿಲ್ಲ, ಅಷ್ಟೇ ಇರಬಹುದು.

ಹೀಗೆ ಹದಿನಾಲ್ಕು ತಿಂಗಳು. ಮೊದಲು ಸ್ಟೋವು ತಂದೆ, ಆಮೇಲೆ ಒಂದು ಚಾಪೆ, ಕೊಡ, ಕಂದೀಲು. ಮಂಚವನ್ನು ಬಿಚ್ಚಿ ಎರಡು ವಾರದಲ್ಲಿ ಸಾಗಿಸಿದೆ. ಜೇವರ್ಗಿ ಬಸ್ಸಿನ ಕಂಡಕ್ಟರ್ ನನ್ನನ್ನು ಕಂಡರೆ, “ಬರ್ರಿ ಸಂಸಾರ ಸಾಹೇಬ್ರ, ಈ ವಾರ ಏನು ತಂದೀರಿ?” ಎಂದು ಕೇಳುವಂತಾಯಿತು. ಇಲ್ಲಿಗೆ ತಂದದ್ದೆಲ್ಲ ಅಲ್ಲಿ ಬೇಕಾಗುತ್ತಿತ್ತು, ಅಲ್ಲಿ ಬಿಟ್ಟದ್ದೆಲ್ಲ ಇಲ್ಲಿ. ಕನ್ನಡಿ ಗುಲ್ಬರ್ಗದಲ್ಲಿ, ರೇಜರ್ ನೆಲೋಗಿಯಲ್ಲಿ. ಒಂದು ಸೋಮವಾರ ಅರ್ಧ ಬೆಳೆದ ಗಡ್ಡದಲ್ಲೇ ಕಚೇರಿಗೆ ಹೋದೆ, ಮನೆಯಲ್ಲಿ ಏನಾದರೂ ಕೆಟ್ಟದ್ದಾಯಿತೇ ಎಂದು ಎಲ್ಲರೂ ಕೇಳಿದರು. ಅಲ್ಲಿದ್ದರೆ ಇಲ್ಲಿಯ ಬಾಗಿಲಿಗೆ ಕೀಲಿ ಹಾಕಿದೆನೋ ಇಲ್ಲವೋ ಎಂಬ ಚಿಂತೆ, ಇಲ್ಲಿದ್ದರೆ ಅಲ್ಲಿಯ ನಳ ನಿಲ್ಲಿಸಿದೆನೋ ಇಲ್ಲವೋ ಎಂಬ ಚಿಂತೆ. ಎಲ್ಲಿಯೂ ನೆಲೆಯಾಗಿ ಕೂಡಲಿಲ್ಲ. ಆದರೂ ಗಾಣದ ಎತ್ತಿನಂತೆ ತಿರುಗುವುದು ನಿಂತಿತು.

ಬೀಬಿಜಾನಳ ಗಂಡ ಲಾಲಸಾಬ ಮನೆ ಕಟ್ಟುವ ಗೌಂಡಿ ಎಂದು ನನಗೆ ಬಹಳ ತಡವಾಗಿ ಗೊತ್ತಾಯಿತು. ಅಷ್ಟರಲ್ಲಿ ನಾನೇ ಜಾಣ ಎಂದುಕೊಂಡು, ಹೊಲದ ಕರಿಮಣ್ಣನ್ನು ಬುಟ್ಟಿಯಲ್ಲಿ ಹೊತ್ತು, ಸೋರದಿರಲೆಂದು ಪಡಸಾಲೆಯ ಮಾಳಿಗೆಗೆ ಹಾಕಿದ್ದೆ. ಬೇಸಿಗೆಯಲ್ಲಿ ಅದು ಬೆರಳು ತೂರುವಷ್ಟು ಬಿರಿಯಿತು. ಜೂನಿನ ಮೊದಲ ಮಳೆಗೆ ನನ್ನ ಹಾಸಿಗೆಯ ಮೇಲೆಯೇ ಕೆಸರು ಸುರಿಯಿತು. ಲಾಲಸಾಬ ಬಂದು ನೋಡಿ ನಗಲಿಲ್ಲ, ಆದರೆ ನಗು ತಡೆದದ್ದು ಕಾಣಿಸಿತು. “ಎರಿ ಮಣ್ಣು ಮಾಳಗಿಗೆ ಹಾಕ್ತಾರೇನ್ರಿ? ಬಿತ್ತಾಕ ಹತ್ತೀರೇನು ಮ್ಯಾಲ? ಕರ್ಲ ಮಣ್ಣು ಬೇಕ್ರಿ, ಉಪ್ಪಿನ ಮಣ್ಣು. ಅದು ನೀರು ಒಳಗ ಬಿಡಂಗಿಲ್ಲ” ಅಂದ. ಇಬ್ಬರೂ ಸೇರಿ ಹಳೆಯದನ್ನು ಕೆರೆದು ತೆಗೆದು, ಹಳ್ಳದ ದಂಡೆಯಿಂದ ಬಂಡಿಯಲ್ಲಿ ಕರ್ಲ ಮಣ್ಣು ತಂದು ಹಾಸಿ ಬಡಿದೆವು. ಆಮೇಲೆ ಒಂದು ಹನಿ ಸೋರಲಿಲ್ಲ.

ಅಡುಗೆಮನೆ ಕಟ್ಟುವಾಗ ನಮ್ಮಿಬ್ಬರಿಗೂ ಜಗಳ ಬಂತು. ಫ್ಲ್ಯಾಟಿನಲ್ಲಿದ್ದ ಹಾಗೆ ನಿಂತು ಅಡುಗೆ ಮಾಡುವ ಕಟ್ಟೆ ಕಟ್ಟು ಎಂದು ನಾನು ಹೇಳಿದರೆ, ಅವನು ಕೇಳದೆ ಕೆಳಗೆ ಒಲೆ ಹೂಡಿ, ಕೂತವರ ಕಣ್ಣಿನ ಮಟ್ಟಕ್ಕೆ ಹೊಲದ ಕಡೆಗೊಂದು ಕಿಟಕಿ ಇಟ್ಟ. ಕಿಟಕಿ ಯಾಕೆ ಇಷ್ಟು ಕೆಳಗೆ ಎಂದು ಸಿಟ್ಟಿನಿಂದ ಕೇಳಿದೆ.

“ಬಾಯಿಯವ್ರು ಹೇಳ್ಯಾರ್ರಿ.”

“ಯಾವ ಬಾಯಿಯವ್ರು?”

“ಮನಿ ಯಾರದದ, ಅವರು.”

ನಾನು ಉಸುಕಿನ ಗುಡ್ಡೆಯ ಮೇಲೆ ಕೂತುಬಿಟ್ಟೆ. ಆಳಂದದಲ್ಲಿ ಬೀಬಿಜಾನಳ ತವರು, ಹೋದಾಗಲೆಲ್ಲ ಹತ್ತಿರದ ಮಟಕಿಗೆ ಬಂದು ನಿನ್ನನ್ನು ಕಂಡು ಬರುತ್ತಾಳೆ, ನಾನು ಕಸಬಾರಿಗೆ ಹಿಡಿದು ಬಂದ ಮೊದಲ ವಾರದಿಂದಲೂ ನಿನಗೆ ಎಲ್ಲ ಗೊತ್ತಿದೆ, ಎಂದು ಲಾಲಸಾಬ ಕಲ್ಲು ಕೂರಿಸುತ್ತಲೇ ಹೇಳಿದ. ಹಾಸಿಗೆಯ ಮೇಲೆ ಕೆಸರು ಬಿದ್ದದ್ದೂ ನಿನಗೆ ಗೊತ್ತಂತೆ. ನೀನು ನಕ್ಕೆಯಂತೆ.

ಮೂರು ವಾರ ನಾನು ಇಲ್ಲಿಗೆ ಬರಲಿಲ್ಲ. ನಾನು ಯಾರಿಗೂ ತಿಳಿಯದೆ ದೊಡ್ಡದೊಂದು ಉಪಕಾರ ಮಾಡುತ್ತಿದ್ದೇನೆ, ಒಂದು ದಿನ ನಿನ್ನನ್ನು ಕರೆತಂದು ತೋರಿಸುತ್ತೇನೆ, ನೀನು ಬೆರಗಾಗುತ್ತೀಯೆ ಎಂದೆಲ್ಲ ಬಸ್ಸಿನ ಕಿಟಕಿಯಲ್ಲಿ ಕೂತು ಲೆಕ್ಕ ಹಾಕಿದ್ದೆ. ನೋಡಿದರೆ ನಾನು ನಿನ್ನ ಮನೆಯ ಕೂಲಿಯಾಳು. ಬಹಳ ಸಿಟ್ಟು ಬಂತು. ಯಾರ ಮೇಲೆ ಎಂದು ಯೋಚಿಸುತ್ತಾ ಹೋದಂತೆ ಸಿಟ್ಟು ಹಿಡಿದುಕೊಳ್ಳಲು ಆಸರೆಯೇ ಸಿಗಲಿಲ್ಲ. ಮನೆ ನಿನ್ನದು. ಕಿಟಕಿ ಎಲ್ಲಿರಬೇಕು ಎಂದು ನಿನ್ನನ್ನು ಒಬ್ಬನಾದರೂ ಕೇಳಿದ್ದರೆ ಅದು ಲಾಲಸಾಬ. ನಾಲ್ಕನೇ ರವಿವಾರ ಕಪಾಟಿನ ಬಾಗಿಲುಗಳನ್ನು ಹೊತ್ತುಕೊಂಡು ಬಂದೆ. ಅವನು ಬುಟ್ಟಿ ಮುಂದೆ ಸರಿಸಿದ.

ಇನ್ನು ಹೋದ ತಿಂಗಳಿನ ಮಾತು. ಪಡಸಾಲೆಯ ನಡುವೆ ಲಾಲಸಾಬ ಸುಣ್ಣದಿಂದ ಒಂದು ಗೆರೆ ಎಳೆದ. ಇದು ಏನು ಎಂದೆ. “ನಡುಗ್ವಾಡಿರಿ. ಆ ಕಡಿಗೊಂದು ಬಾಗಲಾ, ಈ ಕಡಿಗೊಂದು ಬಾಗಲಾ. ಬಾಯಿಯವ್ರು ಹೇಳಿ ಕಳಸ್ಯಾರ” ಅಂದ.

“ಯಾವ ಕಡಿ ಯಾರದಂತ?”

“ಅದು ಹೇಳಿಲ್ರಿ. ನಾನೂ ಕೇಳಿಲ್ಲ.” ಸುಣ್ಣದ ಕೈ ಒರೆಸಿಕೊಂಡು ಅವನೇ ಅಂದ: “ನೀವು ಅಂದ್ರ ಎರಡು ವಾರ ತಡೀತೀನಿ. ಜರಾ ಹೋಗಿ ಮಾತಾಡಿ ಬರ್ರಿ.”

ಹೋದೆ. ನಿನಗೆ ಇದು ಗೊತ್ತಿರಲಾರದು. ಮರುದಿನವೇ ರಜೆ ಹಾಕಿ ಆಳಂದಕ್ಕೆ ಬಂದೆ. ನಿಲ್ದಾಣದಲ್ಲಿ ಮಟಕಿಯ ಬಸ್ಸು ನಿಂತಿತ್ತು. ಏನು ಹೇಳಬೇಕು ಎಂದು ಗುಲ್ಬರ್ಗದಿಂದಲೂ ಜೋಡಿಸಿಕೊಂಡು ಬಂದಿದ್ದೆ. ಜೋಡಿಸಿದ್ದನ್ನು ಇನ್ನೊಮ್ಮೆ ಮನಸ್ಸಿನಲ್ಲಿ ಓದಿಕೊಂಡರೆ ಎಲ್ಲವೂ ಗೋಡೆ ಬೇಡ ಎಂಬುದಕ್ಕೆ ಕಾರಣಗಳು. ನೀನು ಬೇಕು ಅಂದದ್ದನ್ನು ಬೇಡ ಅನ್ನಲು ಮತ್ತೊಮ್ಮೆ ಬಂದಿದ್ದೆ. ಒಂದು ಚಹಾ ಕುಡಿದೆ. ಬಸ್ಸು ಹೋಯಿತು. ಇನ್ನೊಂದು ಚಹಾ ಕುಡಿದು ತಿರುಗಿ ಬಂದೆ. ಲಾಲಸಾಬನಿಗೆ ಕಟ್ಟು ಎಂದು ಹೇಳಿದೆ. ಅವನು ಕಟ್ಟಿದ, ಕಲ್ಲು ನಾನು ಹೊತ್ತೆ. ಗೋಡೆ ನೆಟ್ಟಗೆ ನಿಂತಿದೆ, ಮೇಲೆ ಮೆತ್ತಿದ ಗಿಲಾವು ಒಣಗಿದೆ.

ನವೆಂಬರ್ ಕೊನೆಗೆ ನನ್ನ ನೌಕರಿ ಮುಗಿಯಿತು, ಹಾರ ಹಾಕಿ ಕಳಿಸಿದರು. ಮೊನ್ನೆ ಶುಕ್ರವಾರ ಫ್ಲ್ಯಾಟಿನ ಕೀಲಿಯನ್ನು ಮಾಲಕರಿಗೆ ಒಪ್ಪಿಸಿದೆ. ಮಲ್ಕಪ್ಪನ ಕಾಗದವನ್ನು ನಿನ್ನ ಹೊಸ ಒಲೆಗೆ ಹಾಕಿದೆ. ಬಾವಿಯ ಹೂಳು ತೆಗೆಸಿದ್ದೇನೆ, ನೀರು ಸಿಹಿ ಇದೆ. ಹೊಲವನ್ನು ಲಾಲಸಾಬನೇ ಪಾಲಿಗೆ ಮಾಡಿದ್ದಾನೆ, ಬಿಳಿಜೋಳ ಎದೆಮಟ್ಟ ಬಂದಿದೆ, ಅಂಚಿಗೆ ಕುಸುಬಿ. ಎಳ್ಳಮಾವಾಸ್ಯೆಯ ದಿನ ನೀನು ಭೂಮಿತಾಯಿಗೆ ಎಡೆಯ ಚರಗ ಚೆಲ್ಲುವುದು ನಿನ್ನ ಹೊಲದಲ್ಲೇ.

ಬಾವಿ, ಅಡುಗೆಮನೆ ಇರುವ ಮೂಡಲ ಭಾಗವನ್ನು ನಿನಗೆ ಸಾರಿಸಿ ಇಟ್ಟಿದ್ದೇನೆ. ನಾನು ಸದ್ಯಕ್ಕೆ ಗೋಡೆಯ ಈಚೆಗಿದ್ದೇನೆ. ಇದು ಹಕ್ಕಿನಿಂದಲ್ಲ, ಸಾಮಾನು ಕಾಯುವುದಕ್ಕೆ. ನೀನು ಇರು ಅಂದರೆ ಇರುತ್ತೇನೆ. ಬೇಡ ಅಂದರೆ ಜೇವರ್ಗಿಯಲ್ಲಿ ಒಂದು ಕೋಣೆ ಕೇಳಿಟ್ಟಿದ್ದೇನೆ. ಅದು ನೆಲದ ಮೇಲಿನ ಕೋಣೆ, ನನಗೂ ಈಗ ಮೆಟ್ಟಿಲು ಒಗ್ಗುವುದಿಲ್ಲ. ಯಾವುದನ್ನು ಹೇಳಿದರೂ ಯಾಕೆ ಎಂದು ಕೇಳುವುದಿಲ್ಲ.

ಮಲ್ಲಣ್ಣನಿಗೂ ಮನೆಯವರಿಗೂ ಶರಣು ತಿಳಿಸು.

ನಿನ್ನ ಮನೆಯ ಪಡುವಣ ಬಾಗಿಲಿನಿಂದ,
ಶಾಂತಲಿಂಗಪ್ಪ

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿದ್ದೇನೆ. ನೀನು ಹೋದ ದಿನ ನಾನು ಕಚೇರಿಯಲ್ಲಿದ್ದೆ, ಬಂದು ನೋಡಿದರೆ ಮನೆ ಖಾಲಿಯಿತ್ತು ಎಂದು ನಿಮ್ಮಣ್ಣನಿಗೂ ಎಲ್ಲರಿಗೂ ಹೇಳಿದ್ದೇನೆ. ಅದು ಸುಳ್ಳು. ಆ ದಿನ ಹನ್ನೊಂದು ಗಂಟೆಗೆ ನಾನು ತಿರುಗಿ ಬಂದಿದ್ದೆ. ಮೆಟ್ಟಿಲು ಹತ್ತುವಾಗ ಮೇಲಿನಿಂದ ಟ್ರಂಕು ಒಂದೊಂದೇ ಮೆಟ್ಟಿಲಿಗೆ ಬಡಿಯುತ್ತಾ ಇಳಿಯುವುದು ಕೇಳಿಸಿತು. ನೀನೇ ಎಂದು ಗೊತ್ತಾಗಿ ಎರಡನೇ ಅಂತಸ್ತಿನ ಮನೆಗಳ ನಡುವಿನ ಓಣಿಯಲ್ಲಿ ಗೋಡೆಯ ಮರೆಗೆ ಸರಿದು ನಿಂತೆ. ನೀನು ಅಲ್ಲಿಯೇ ಟ್ರಂಕು ಇಳಿಸಿ ಕೈ ಬದಲಿಸಿಕೊಂಡೆ. ನಿನ್ನ ಉಸಿರು ನನಗೆ ಕೇಳಿಸುತ್ತಿತ್ತು. ಕೈ ಚಾಚಿದ್ದರೆ ಟ್ರಂಕಿನ ಹಿಡಿ ಸಿಗುತ್ತಿತ್ತು, ಚಾಚಲಿಲ್ಲ. ನನ್ನ ಚಪ್ಪಲಿಯ ತುದಿ ಗೋಡೆಯ ಹೊರಗಿತ್ತು ಎಂದು ನನಗೆ ಅನುಮಾನ. ನೀನು ಸ್ವಲ್ಪ ಹೆಚ್ಚು ಹೊತ್ತೇ ನಿಂತಿದ್ದೆ. ನೋಡಿಯೂ ಮಾತಾಡದೆ ಹೋದೆಯೋ, ನೋಡಲೇ ಇಲ್ಲವೋ, ಎರಡು ವರ್ಷದಿಂದ ಇದೊಂದೇ ನನ್ನನ್ನು ತಿರುಗಿಸುತ್ತಿದೆ. ನೋಡಿದ್ದರೆ, ನೋಡಿದೆ ಎಂದು ಒಂದು ಸಾಲು ಬರೆ.