ಯಾವುದಾದರೂ ಆಗುತ್ತೆ

೨೧ ಜುಲೈ, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಮೂರು ಕಾಗದಗಳೂ ಬಂದಿವೆ. ಮೂರನೆಯದರಲ್ಲಿ ‘ಬದುಕಿದ್ದೀಯೋ ಇಲ್ಲವೋ, ಒಂದು ಗೆರೆ ಬರಿ’ ಎಂದು ಬೈದಿದ್ದೀಯ. ಬದುಕಿದ್ದೇನೆ, ಬೈಸಿಕೊಂಡದ್ದೂ ಸರಿಯಾಯಿತು. ಭಾವನ ಮಂಡಿನೋವು ಇಳಿಯಿತೇ? ಅವರು ಏಣಿ ಹತ್ತದ ಹಾಗೆ ನೋಡಿಕೋ.

ನನ್ನ ಬೇಕರಿ ಕೆಲಸ ಹಾಗೇ ನಡೆದಿದೆ. ಬೆಳಗಿನ ನಾಲ್ಕಕ್ಕೆ ಹಿಟ್ಟು ನಾದಲು ನಿಂತರೆ ಹನ್ನೆರಡರವರೆಗೆ ಬೆನ್ನು ನೆಟ್ಟಗಾಗುವುದಿಲ್ಲ. ಒಲೆ ಹಳೆಯದು, ಎಡಮೂಲೆಯ ಬನ್ನು ದಿನವೂ ಸೀಯುತ್ತದೆ. ರಜೆಯ ದಿನ ನನ್ನ ಮಗಳು ಬಟಾಣಿ ಅಲ್ಲಿಗೆ ಬಂದರೆ ಯಜಮಾನರು ಎರಡೂ ಕೈಯಲ್ಲಿ ಬನ್ನು ಹಿಡಿದು, “ಒಂದು ಸೀದದ್ದು, ಒಂದು ಚಿನ್ನದಂಥದ್ದು. ಯಾವುದು ಬೇಕು?” ಎಂದು ಕೆಣಕುತ್ತಿದ್ದರು. ಏಳು ವರ್ಷದವಳು ಕೈ ಹಿಂದೆ ಕಟ್ಟಿಕೊಂಡು, “ಯಾವುದಾದ್ರೂ ಆಗುತ್ತೆ ತಾತ” ಅನ್ನುತ್ತಿದ್ದಳು. ಕಣ್ಣು ಮಾತ್ರ ಚಿನ್ನದ್ದರ ಮೇಲೇ. “ಇದನ್ನ ಯಾರು ಹೆತ್ತರಪ್ಪಾ” ಎಂದು ಅವರು ನಕ್ಕರೆ, ನಾನು ಟ್ರೇಯಲ್ಲಿದ್ದ ಹಿಟ್ಟಿಗಿಂತ ಹೆಚ್ಚು ಉಬ್ಬುತ್ತಿದ್ದೆ. ನಮ್ಮಮ್ಮ ನಿನಗೂ ನನಗೂ ಕಲಿಸಿದ್ದನ್ನೇ ಅವಳಿಗೂ ಕಲಿಸಿದ್ದೆ: ಇದು ಬೇಕೋ ಅದು ಬೇಕೋ ಅಂತ ಯಾರಾದರೂ ಕೇಳಿದರೆ ಆಸೆ ತೋರಿಸಬಾರದು.

ಬಟಾಣಿ ಯಾರ ಬಳಿ ಇರಬೇಕೆಂಬ ಕೇಸಿನ ತೀರ್ಪು ಬಂದು ಹನ್ನೊಂದು ದಿನವಾಯಿತು. ಅದನ್ನು ಬರೆಯಲು ಕೈ ಬಾರದೆ ಈ ಕಾಗದ ತಡವಾಯಿತು.

ಕೋರ್ಟಿನಲ್ಲಿ ಯಾರೂ ನನಗೆ ಕೆಟ್ಟದ್ದು ಮಾಡಲಿಲ್ಲ ಅಕ್ಕ. ಬೈಯೋಣವೆಂದರೆ ಒಬ್ಬರೂ ಸಿಗುತ್ತಿಲ್ಲ. ಅವಳಪ್ಪ ಕೂಡ ನನ್ನ ಮೇಲೆ ಒಂದು ಸುಳ್ಳೂ ಹೇಳಲಿಲ್ಲ. ಕೋರ್ಟು ಕಳಿಸಿದ ಅಧಿಕಾರಿಣಿ ಎರಡೂ ಮನೆ ನೋಡಿದರು. ನನ್ನ ಒಂಟಿ ಕೋಣೆ, ಗೋಡೆಗೆ ಅಂಟಿಸಿದ ಬಟಾಣಿಯ ಚಿತ್ರಗಳು, ಎಲ್ಲ ನೋಡಿ, ಚಹಾ ಕುಡಿದು, “ಮಗೂನ ಚೆನ್ನಾಗಿ ಬೆಳೆಸಿದ್ದೀರ” ಅಂದರು. ವರದಿಯಲ್ಲಿ, ತಾಯಿ ಬೆಳಗಿನ ಜಾವ ಮೂರೂವರೆಗೆ ಮನೆ ಬಿಡುತ್ತಾಳೆ, ಮಗು ಪಕ್ಕದ ಮನೆಯಲ್ಲಿ ಮಲಗುತ್ತದೆ ಎಂದು ಬರೆದರು. ನಿಜವೇ. ಆ ಕಡೆ ಅಜ್ಜಿ ಇಡೀ ದಿನ ಮನೆಯಲ್ಲಿರುತ್ತಾರೆ, ಸ್ಕೂಲು ಎದುರಿಗೇ ಇದೆ. ಅದೂ ನಿಜ.

ನಮ್ಮ ವಕೀಲರು ಎಲ್ಲದಕ್ಕೂ ‘ಆಗಲಿ, ನೋಡೋಣ’ ಎನ್ನುವವರು; ನಾನು ಅವರಿಗೆ ಅದೇ ಹೆಸರಿಟ್ಟಿದ್ದೇನೆ. ಆಗಲಿನೋಡೋಣರು ಧೈರ್ಯ ಹೇಳಿದ್ದರು: “ತಕ್ಕಡಿ ಎರಡೂ ಕಡೆ ಸಮ ಇದೆಯಮ್ಮ. ಜಡ್ಜು ಮಗೂನ ಒಬ್ಬಳನ್ನೇ ಕರೆದು ಕೇಳ್ತಾರೆ. ನೀವು ಏನೂ ಹೇಳಿಕೊಡಬೇಡಿ. ಹೇಳಿಕೊಟ್ಟ ಮಾತು ಅವರಿಗೆ ಗೊತ್ತಾಗಿಬಿಡುತ್ತೆ.” ನಾನು ಒಂದಕ್ಷರ ಹೇಳಿಕೊಡಲಿಲ್ಲ. ಜಡೆ ಹೆಣೆದು, ಕರ್ಚೀಫು ಮಡಿಸಿ ಕೈಗೆ ಕೊಟ್ಟು ಒಳಗೆ ಕಳಿಸಿದೆ.

ಹತ್ತು ನಿಮಿಷ ಒಳಗಿದ್ದಳು. ತೀರ್ಪಿನಲ್ಲಿ ಆ ಹತ್ತು ನಿಮಿಷಕ್ಕೆ ಸಿಕ್ಕಿದ್ದು ಒಂದೇ ಸಾಲು: ‘ಅಪ್ಪನ ಮನೆಯೋ ಅಮ್ಮನ ಮನೆಯೋ, ಯಾವುದು ಬೇಕು ಎಂದು ಕೇಳಲಾಗಿ, ಯಾವುದಾದರೂ ಆಗುತ್ತೆ ಎಂದು ಮಗು ಹೇಳಿರುತ್ತದೆ, ಮಗುವಿಗೆ ವಿಶೇಷ ಒಲವು ಕಂಡುಬರುವುದಿಲ್ಲ.’

ಹಾಗಾಗಿ ಅವಳು ಅಪ್ಪನ ಮನೆಯಲ್ಲಿ. ನನಗೆ ತಿಂಗಳ ಎರಡನೇ, ನಾಲ್ಕನೇ ಶನಿವಾರ ಬೆಳಿಗ್ಗೆ ಹತ್ತರಿಂದ ಭಾನುವಾರ ಸಂಜೆ ಐದರವರೆಗೆ. ದಿನಾ ಸಂಜೆ ಏಳಕ್ಕೆ ಹತ್ತು ನಿಮಿಷ ಫೋನು. ಮೇಲಿನ ಕೋರ್ಟಿಗೆ ಹೋಗೋಣವೇ ಎಂದು ವಕೀಲರನ್ನು ಕೇಳಿದೆ. “ಮಗು ಬಾಯಿಂದಲೇ ಬಂದಿದೆ. ಅಲ್ಲಿ ಹೋಗಿ ನಾನು ಏನು ಅಂತ ಹೇಳಲಿ?” ಅಂದರು. ಮೊದಲ ಸಲ ಅವರ ಬಾಯಲ್ಲಿ ‘ನೋಡೋಣ’ ಬರಲಿಲ್ಲ.

ಈ ತಿಂಗಳ ಎರಡನೇ ಶನಿವಾರ ಬಂದಿದ್ದಳು. ನನಗೆ ರಜೆ ಕೊಟ್ಟ ಯಜಮಾನರು ತಾವೇ ಮನೆಗೆ ಬನ್ನು ತಂದರು. ಒಂದೇ ಒಂದು, ಚಿನ್ನದಂಥದ್ದು. ಏನೂ ಕೇಳದೆ ಅವಳ ಕೈಯಲ್ಲಿಟ್ಟು ಹೋದರು.

ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ. ಚಿಕ್ಕವಳು ಬಲು ಹಟಮಾರಿ, ಬೇಕಾದ್ದನ್ನು ಕಿತ್ತುಕೊಳ್ಳುತ್ತಾಳೆ ಎಂದು ಬರೆದಿದ್ದೆಯಲ್ಲ, ಅವಳಿಗೆ ಒಂದು ಮುತ್ತು ಹೆಚ್ಚು ಕೊಡು.

ನಿನ್ನ ತಂಗಿ

ಮತ್ತೆ: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಅಂದು ಜಡ್ಜರ ಕೋಣೆಯಿಂದ ಅವಳು ಓಡಿಬಂದು ನನ್ನ ಕಿವಿಯಲ್ಲಿ, “ಅಮ್ಮಾ, ನಾನು ಆಸೆ ತೋರಿಸಲೇ ಇಲ್ಲ, ಗೊತ್ತಾ” ಅಂದಳು. ಒಳಗೆ ಯಾವ ಚಾಕೊಲೇಟು ಬೇಕು ಎಂದು ಕೇಳಿರಬೇಕು ಎಂದುಕೊಂಡೆ. “ನನ್ನ ಜಾಣೆ” ಎಂದು ಬೆನ್ನು ತಟ್ಟಿದೆ.