ಅರ್ಧನಾರೀಶ್ವರನ ರವಿಕೆ

ಮಗೂ,

ನಿನ್ನ ವಿಳಾಸ ಗೊತ್ತಿದ್ದರೂ ಇದನ್ನು ಕಳಿಸುತ್ತಿರಲಿಲ್ಲ.

ಇವತ್ತು ನಮ್ಮ ಹೊಲಿಗೆ ಅಂಗಡಿಗೆ ಮಂಗಳಮುಖಿಯೊಬ್ಬಳು ರವಿಕೆ ಹೊಲಿಸಲು ಬಂದಳು. ಬೆಂಚಿನ ಮೇಲಿದ್ದ ಹೆಂಗಸರು ಎದ್ದು ಹೋದರು. ನಾನು ಟೇಪು ಹಿಡಿದು ಅಳತೆ ತೆಗೆದೆ.

ಅವಳು ಗೋಡೆಯ ಮೇಲಿದ್ದ ಅರ್ಧನಾರೀಶ್ವರನ ಪಟ ನೋಡಿ, "ಅಮ್ಮಾ, ಇವರಿಗೆ ಅರ್ಧ ರವಿಕೆ ಹೊಲಿದುಕೊಟ್ಟಿದ್ದು ನೀವೇನಾ?" ಎಂದಳು.

"ಬಾಯಿ ಮುಚ್ಚಿ ನೆಟ್ಟಗೆ ನಿಂತ್ಕೋ," ಎಂದೆ. ನಕ್ಕಳು.

ದಿನಾ ಆ ಪಟಕ್ಕೆ ದೀಪ ಹಚ್ಚುವವಳು ನಾನೇ. ಗಂಡಾಗಿ ಹುಟ್ಟಿ ನೀನು ಅಕ್ಕನ ರವಿಕೆ ತೊಟ್ಟೆಯೆಂದು ಹನ್ನೊಂದು ವರ್ಷದ ಹಿಂದೆ ನಿನ್ನನ್ನು ಹೊರಗೆ ಹಾಕಿದವಳೂ ನಾನೇ.

ನಿನ್ನ ಪರಿಚಯವಿದೆಯೇ ಎಂದು ಅವಳನ್ನು ಕೇಳಬೇಕೆನಿಸಿತು. ರವಿಕೆಗೆ ಶನಿವಾರ ಬಾ ಎಂದಷ್ಟೇ ಹೇಳಿ ಕಳಿಸಿದೆ.

ಈ ಬೀದಿಯ ಹೆಣ್ಣುಮಕ್ಕಳೆಲ್ಲರ ಅಳತೆ ನನ್ನ ಪುಸ್ತಕದಲ್ಲಿದೆ. ನಿನ್ನದೊಂದಿಲ್ಲ.