ಉಸ್ತಾದರ ಮುಂಬಾಗಿಲು

ಉಸ್ತಾದರಿಗೆ, ನಿಮ್ಮ ಶಿಷ್ಯ ಸೀನನ ನಮಸ್ಕಾರ.

ಕೋಪ ಇನ್ನೂ ಇಳಿಯದಿದ್ದರೂ ಇದನ್ನು ಓದಿ. ನಾನು ನಿಮ್ಮ ಹತ್ತಿರ ಕಲಿತ ಮರದ ಪಾಲಿಶ್ ಕೆಲಸ ಬಿಟ್ಟು ಪೇಂಟಿಂಗಿಗೆ ಹೋದ ದಿನ ಹುಣಸೂರಿನ ಟೀ ಅಂಗಡಿಯಲ್ಲಿ ಎಲ್ಲರ ಮುಂದೆ, "ಮರ ಇದ್ದಂಗೇ ಕಾಣ್ಬೇಕು ಕಣ್ಲಾ. ತಪ್ಪು ಮುಚ್ಚೋಕೆ ಪೇಂಟ್ ಹೊಡೀತಾರೆ," ಎಂದಿರಿ. ನಾನೂ ಸುಮ್ಮನಿರಲಿಲ್ಲ. "ನಿಮ್ ಪಾಲಿಶ್ ಈಗ ಯಾರ್ ಕೇಳ್ತಾರೆ?" ಎಂದುಬಿಟ್ಟೆ. ಆಮೇಲೆ ಆರು ವರ್ಷ ನಮ್ಮಿಬ್ಬರ ನಡುವೆ ಮಾತಿಲ್ಲ. ನಿಮ್ಮನ್ನು ಮಣ್ಣು ಮಾಡಿದ ದಿನ ಖಬರಸ್ತಾನದ ಗೇಟಿನ ಹತ್ತಿರವೇ ನಿಂತಿದ್ದೆ, ಒಳಗೆ ಬರಲು ಮುಖವಿರಲಿಲ್ಲ.

ಹೋದ ತಿಂಗಳು ನಿಮ್ಮ ಮನೆಯವರು, ಬೀಬಮ್ಮ, ಫೋನ್ ಮಾಡಿದರು. "ಮುಂಬಾಗಿಲು ಬಿಸಿಲಿಗೆ ಕಪ್ಪಗಾಗೈತೆ ಸೀನಪ್ಪ. ವರ್ಸಾ ವರ್ಸಾ ವಾರ್ನಿಶ್ ಹೊಡೀತಿದ್ದೋರೇ ಹೋದ್ರು. ಪೇಂಟ್ ಹೊಡೆದ್ಬುಡು." ನಿಮ್ಮ ಕೈಯ ಪಾಲಿಶ್ ಇದ್ದ ಹೊನ್ನೆ ಮರದ ಬಾಗಿಲಿಗೆ ನಾನು ಪೇಂಟ್ ಹೊಡೆಯುವುದೇ? ಆಗಲ್ಲ ಎಂದೆ. "ಆಯ್ತು ಬುಡು, ಬೇರೆಯೋರ್ನ ಕರೀತೀನಿ," ಎಂದರು. ಬೇರೆಯವನು ಅದನ್ನು ಮುಟ್ಟುವುದೆಂದರೆ ತಡೆಯಲಾಗಲಿಲ್ಲ. ಮಾರನೆಯ ದಿನವೇ, ಈಗ ನಾನಿರುವ ಕಂಪಲಾಪುರದಿಂದ ಹುಣಸೂರಿನ ಬಸ್ಸು ಹತ್ತಿದೆ.

ಉಪ್ಪುಕಾಗದ ಹಿಡಿದರೆ ಕೈ ಏಳಲಿಲ್ಲ. ನೀವು ಹೊಡೆದ ಕೊನೆಯ ವಾರ್ನಿಶ್ ಕೋಟು ಅದು. ಮೇಲೆ ಮೇಲೆ ಉಜ್ಜಿ ಪ್ರೈಮರ್ ಬಳಿದೆ. ಮರುದಿನ ಬೆಳಿಗ್ಗೆ ಉಗುರು ತಾಗಿಸಿದರೆ, ಹಳೆಯ ಹೊಳಪಿನ ಮೇಲೆ ಹಿಡಿಯದೆ ಸಿಪ್ಪೆಯಂತೆ ಎದ್ದುಬಂತು. ನೀವಿದ್ದಿದ್ದರೆ ಕಪಾಳಕ್ಕೆ ಕೊಡುತ್ತಿದ್ದಿರಿ. ಗೌರವ ಅಂದುಕೊಂಡು ಮಾಡಿದ್ದು ಕಳ್ಳಗೆಲಸವಾಗಿತ್ತು. ಮತ್ತೆ ಕೂತು, ಹಳೆಯ ಹೊಳಪೆಲ್ಲ ಹೋಗುವವರೆಗೆ ಉಜ್ಜಿದೆ.

ಆಗ ಕಂಡಿತು, ಕೆಳಹಲಗೆಯಲ್ಲಿ ಗೇಣುದ್ದದ ಬಿರುಕು. ಮರದ ಹೊಟ್ಟಿಗೆ ಅಂಟು ಕಲಸಿ ತುಂಬಿ, ಅದರ ಮೇಲೆ ಸಣ್ಣ ಬ್ರಶ್ಶಿನಿಂದ, ಪೇಂಟಿನಲ್ಲಿ, ಹೊನ್ನೆಯ ಗೆರೆಗಳನ್ನು ಬರೆದಿದ್ದೀರಿ! ಏನು ಉಸ್ತಾದರೇ, ನೀವೂನಾ? ಹೊಸಿಲ ಪಕ್ಕ ಕೂತು ನಕ್ಕೆ, ನಗುತ್ತಲೇ ಅಳು ಬಂತು. ಇದನ್ನು ಒಮ್ಮೆ, ಒಂದೇ ಒಂದು ಸಲ ತೋರಿಸಿದ್ದರೆ ಆ ಆರು ವರ್ಷ...

"ಯಾಕಪ್ಪ, ಏನಾಯ್ತು?" ಎಂದು ಬೀಬಮ್ಮ ಒಳಗಿನಿಂದ ಕೇಳಿದರು. "ಧೂಳು ಕಣಮ್ಮ," ಎಂದೆ.

ಬಣ್ಣ ಗಿಳಿಹಸಿರು. ಆರಿಸಿದ್ದು ಬೀಬಮ್ಮ, ಬೈಯುವುದಿದ್ದರೆ ಅವರನ್ನೇ ಬೈಯಿರಿ. ನೀವು ತುಂಬಿದ್ದು ಗಟ್ಟಿಯಾಗಿಯೇ ಇತ್ತು, ಕೀಳಲಿಲ್ಲ. ಅದರ ಮೇಲೆಯೇ ಪ್ರೈಮರ್, ಎರಡು ಕೋಟು ಪೇಂಟ್. ಈಗ ನಾನೇ ಹುಡುಕಿದರೂ ಆ ಬಿರುಕು ಸಿಗುವುದಿಲ್ಲ. ಯಾರಿಗೂ ಹೇಳುವುದಿಲ್ಲ, ಉಸ್ತಾದರೇ.